ಹನ್ನೊಂದು ಪುಟಗಳ ಹಾಲೋವೀನ್

ಸಣ್ಣ ಮಕ್ಕಳಿಗೆ ಅಪಾಯವಿಲ್ಲದ ಹಾಲೋವೀನ್ ಏರ್ಪಡಿಸಲು ಈ ಬಹರೈನ್ ದ್ವೀಪದಲ್ಲಿ ನನಗಿಂತ ತಕ್ಕ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಈಗಲೂ ನಂಬಿದ್ದೇನೆ. ಆದರೆ ಮಾಹೂಝಿನ ನಮ್ಮ ನಾಲ್ಕು ಮಹಡಿಯ ಬಿಲ್ಡಿಂಗಿನಲ್ಲಿ ಹಾಗೆ ನಂಬುವವನು ಈಗ ನಾನೊಬ್ಬನೇ!

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ನಾನು ಅವಾಲಿಯ ಆಚೆ ಕೆಲಸ ಮಾಡುವ ಒಂದು ರಿಪೇರಿ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಕೊಳವೆ, ಬಾಯ್ಲರ್, ಎತ್ತರದ ಅಟ್ಟಣಿಗೆಗಳ ನಡುವೆ ಇನ್ನೂರು ಜನ ದುಡಿಯುವ ಜಾಗದಲ್ಲಿ ಯಾರ ಬೆರಳೂ ತುಂಡಾಗದಂತೆ, ಯಾರ ತಲೆಯ ಮೇಲೂ ಸ್ಪ್ಯಾನರ್ ಬೀಳದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಹನ್ನೆರಡು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ. ಇನ್ನೂರು ಜನ ಗಂಡಸರನ್ನು ಕಾಯುವವನಿಗೆ ಒಂದು ಡಜನ್ ಮಕ್ಕಳನ್ನು ಎರಡು ಗಂಟೆ ಕಾಯುವುದು ಯಾವ ದೊಡ್ಡ ವಿಷಯ ಎಂದುಕೊಂಡೆ.

ಇದರ ಮೂಲ ಕಳೆದ ವರ್ಷದಲ್ಲಿದೆ. ಆಗಲೂ ನಮ್ಮ ಟೆರೇಸಿನಲ್ಲಿ ಹಾಲೋವೀನ್ ಪಾರ್ಟಿ ನಡೆದಿತ್ತು. ನಡೆಸಿದವರು ಮೂರನೆಯ ಮಹಡಿಯ ಲವೀನಾ. ಉಡುಪಿ ಕಡೆಯವರು, ಇಲ್ಲಿ ಒಂದು ಹೋಟೆಲಿನಲ್ಲಿ ಪಾರ್ಟಿಗಳನ್ನು ಏರ್ಪಡಿಸುವುದೇ ಅವರ ಕೆಲಸ. ಅವರ ಗಂಡ ವಿಲ್ಸನ್ ಆರಡಿ ಎತ್ತರದ ಆಸಾಮಿ. ಎಲುಬುಗಳನ್ನು ಬಿಳಿಯಲ್ಲಿ ಬರೆದ ಕಪ್ಪು ಅಂಗಿ ತೊಟ್ಟು, ತಲೆಬುರುಡೆಯ ಮುಖವಾಡ ಹಾಕಿಕೊಂಡು ನೀರಿನ ಟ್ಯಾಂಕಿನ ಹಿಂದೆ ಅಡಗಿದ್ದರು. ನನ್ನ ಮಗಳು ಇಶಾ, ಆಗ ನಾಲ್ಕೂವರೆ ವರ್ಷದವಳು, ಚಿಟ್ಟೆಯ ರೆಕ್ಕೆ ಕಟ್ಟಿಕೊಂಡು ಆ ಕಡೆ ಹೋದಳು. ವಿಲ್ಸನ್ “ಬೂ!” ಎಂದು ಹಾರಿದರು. ಅವಳು ಕಿರುಚಿದ್ದು ಕೆಳಗೆ ಕಾರು ನಿಲ್ಲಿಸುತ್ತಿದ್ದ ನನಗೂ ಕೇಳಿಸಿತು.

ಅಂದಿನಿಂದ ಇಶಾ ಒಬ್ಬಳೇ ಬಾತ್‌ರೂಮಿಗೆ ಹೋಗುವುದಿಲ್ಲ. ಬಾಗಿಲು ಮುಚ್ಚುವಂತಿಲ್ಲ. ನಾವಿಬ್ಬರಲ್ಲಿ ಒಬ್ಬರು ಹೊರಗೆ ನಿಂತು ಮಾತಾಡುತ್ತಲೇ ಇರಬೇಕು, ಮಾತು ನಿಂತರೆ ಒಳಗಿನಿಂದ ಅಳು ಶುರು. ಬಾತ್‌ರೂಮಿನ ಬಾಗಿಲಿಗೆ ನಾನು ಒಂದು ವರ್ಷದಲ್ಲಿ ಹೇಳಿದಷ್ಟು ಕತೆಗಳನ್ನು ಕಟ್ಟಿಕೊಂಡ ಹೆಂಡತಿಗೆ ಮದುವೆಯಾದಂದಿನಿಂದ ಹೇಳಿಲ್ಲ. ಆ ರಾತ್ರಿ ನನ್ನ ಕೂಗಾಟ ಕೇಳಿಸಿಕೊಂಡ ವಿಲ್ಸನ್ ಮರುದಿನವೇ ಬಂದು ಕ್ಷಮೆ ಕೇಳಿ ಕೇಕ್ ಕೊಟ್ಟುಹೋದರು. ನಾನು ಪ್ರತಿಭಟನೆಯಾಗಿ ಅದನ್ನು ಮುಟ್ಟಲಿಲ್ಲ. ಎರಡು ತುಂಡು ತಿಂದೆ, ಅಷ್ಟೇ.

ಈ ವರ್ಷ ಅಕ್ಟೋಬರ್ ಮಧ್ಯದಲ್ಲಿ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಲವೀನಾ ಅವರ ಸಂದೇಶ ಬಂತು. ಹಾಲೋವೀನ್ ಪಾರ್ಟಿ, ಶುಕ್ರವಾರ ಸಂಜೆ, ಎಲ್ಲ ಪುಟ್ಟ ದೆವ್ವಗಳಿಗೂ ಸ್ವಾಗತ! ಅದರ ಕೆಳಗೆ ಸಾಲಾಗಿ ಹಲ್ಲು ಕಿರಿಯುವ ಕುಂಬಳಕಾಯಿಗಳು. ನನಗೆ ಮೈಯೆಲ್ಲ ಉರಿಯಿತು.

“ಇದೆಂತ ನಮ್ಮ ಹಬ್ಬವಾ? ಹೋಗಲಿ, ಈ ದೇಶದವರ ಹಬ್ಬವಾ?” ಎಂದು ನಾನು ಶ್ಯಾಮಲಾಳ ಮುಂದೆ ಹಾರಾಡಿದೆ. “ಮಕ್ಕಳನ್ನು ಹೆದರಿಸುವುದು, ಮತ್ತೆ ಚಾಕಲೇಟು ಕೊಡುವುದು! ನಮ್ಮ ಸೈಟಲ್ಲಿ ಯಾರಾದ್ರೂ ಟ್ಯಾಂಕಿನ ಹಿಂದೆ ಅಡಗಿ ಬೂ ಅಂದ್ರೆ ಮೂರು ದಿನ ಸಸ್ಪೆಂಡ್!”

ಶ್ಯಾಮಲಾ ನನ್ನ ಹೆಂಡತಿ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ದಿನವಿಡೀ ಒಡೆದ ಮೊಣಕಾಲು, ಮೂಗಿನೊಳಗೆ ಹೋದ ಮಣಿ, ಇಂಥವನ್ನೇ ನೋಡಿ ಅವಳಿಗೆ ಯಾವುದಕ್ಕೂ ಗಾಬರಿಯಾಗದ ಕೆಟ್ಟ ಅಭ್ಯಾಸ ಬಂದುಬಿಟ್ಟಿದೆ.

“ನೀವು ಹೆದರಿಸ್ತೀರಿ, ಚಾಕಲೇಟು ಸಹ ಕೊಡುವುದಿಲ್ಲ. ಅಷ್ಟೇ ವ್ಯತ್ಯಾಸ” ಎಂದಳು.

ನಾನು ಉತ್ತರ ಕೊಡುವಷ್ಟರಲ್ಲಿ ಸೋಫಾದ ಮೂಲೆಯಿಂದ ಇಶಾಳ ಸ್ವರ ಬಂತು. “ಪಪ್ಪಾ, ಐ ಡೋಂಟ್ ವಾಂಟ್ ಟು ಗೋ.” ಅದರ ಹಿಂದೆಯೇ, “ಬಟ್ ಐ ವಾಂಟ್ ಟು ಗೋ” ಎಂದಳು. ಅವಳ ಕಣ್ಣು ತುಂಬಿತ್ತು. ಕೆಂಪು ರೆಕ್ಕೆ, ಕಪ್ಪು ಚುಕ್ಕಿಗಳ ಒಂದು ಹುಳುವಿನ ವೇಷ ಹಾಕಬೇಕೆಂದು ಅವಳು ತಿಂಗಳ ಹಿಂದೆಯೇ ಅಮ್ಮನಿಗೆ ಗುಟ್ಟಾಗಿ ಹೇಳಿದ್ದಳಂತೆ. ಹೋಗುವ ಆಸೆ ಬೆಟ್ಟದಷ್ಟು, ಆ ಅಸ್ಥಿಪಂಜರದ ಹೆದರಿಕೆಯೂ ಅಷ್ಟೇ.

ನಾನು ಅವಳ ಮುಂದೆ ಮಂಡಿಯೂರಿ ಕುಳಿತು ಎರಡೂ ಕೈ ಹಿಡಿದುಕೊಂಡೆ. “ಈ ಸಲ ನಿನ್ನನ್ನು ಯಾರೂ ಹೆದರಿಸುವುದಿಲ್ಲ. ಪಪ್ಪ ಪ್ರಾಮಿಸ್.”

“ನೋಬಡಿ?”

“ನೋಬಡಿ!”

ಅವಳು ಮೂಗು ಒರೆಸಿಕೊಂಡು ನಕ್ಕಳು. ಆ ನಗು ನೋಡಿ ನಾನು ಕರಗಿಹೋದೆ. ಈ ಕತೆಯಲ್ಲಿ ನಾನು ಮಾಡಿದ ಎಲ್ಲ ಕೆಲಸಗಳ ಹಿಂದೆ ಇದ್ದದ್ದು ಆ ಒಂದು ಮಾತು. ನನ್ನನ್ನು ಕಂಡು ಈಗ ಲಿಫ್ಟಿನಲ್ಲಿ ನಗುವವರು ಇದನ್ನು ದಯವಿಟ್ಟು ಗಮನಿಸಬೇಕು.

ಮೊದಲು ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಸಣ್ಣ ಮಕ್ಕಳಿಗೆ ಸುರಕ್ಷಿತ ಹಾಲೋವೀನ್ ಎಂದು ಹೊಡೆದರೆ ಜಗತ್ತಿನ ಎಲ್ಲ ತಾಯಂದಿರೂ ಸಲಹೆ ಕೊಡಲು ಸಾಲುಗಟ್ಟಿ ನಿಂತಿದ್ದರು. ಕುಂಬಳಕಾಯಿಯನ್ನು ಕೊರೆಯುವ ಬದಲು ಬಣ್ಣ ಬಳಿಯಿರಿ. ಮೇಣದ ಬತ್ತಿಯ ಬದಲು ಬ್ಯಾಟರಿ ದೀಪ ಇಡಿ. ಬೆಳಕಿರುವಾಗಲೇ ಮುಗಿಸಿ. ಎಲ್ಲವೂ ಒಳ್ಳೆಯ ಮಾತೇ. ಆದರೆ ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂತು. ಬಣ್ಣ ಬಳಿಯಿರಿ ಎಂದರೆ ಆಯಿತೇ? ಬಣ್ಣ ಕಣ್ಣಿಗೆ ಹೋದರೆ? ಕುಂಬಳಕಾಯಿ ಕಾಲಿನ ಮೇಲೆ ಬಿದ್ದರೆ? ಇವರೆಲ್ಲ ಅರ್ಧ ದಾರಿಗೇ ನಿಂತುಬಿಟ್ಟಿದ್ದರು. ಇಡೀ ಅಂತರ್ಜಾಲದಲ್ಲಿ ಒಬ್ಬನೇ ಒಬ್ಬ ಸೇಫ್ಟಿ ಆಫೀಸರ್ ಇರಲಿಲ್ಲ.

ಹಾಗಾಗಿ ನಾನೇ ಬರೆಯಲು ಕುಳಿತೆ. ನಮ್ಮ ಸೈಟಿನಲ್ಲಿ ಯಾವ ಕೆಲಸ ಶುರುವಾಗುವ ಮೊದಲೂ ಒಂದು ಅಪಾಯ ಪಟ್ಟಿ ತಯಾರಾಗಬೇಕು. ಅಪಾಯ ಯಾವುದು, ಆಗುವ ಹಾನಿ ಏನು, ಅದನ್ನು ತಡೆಯುವುದು ಹೇಗೆ ಎಂದು ಮೂರು ಅಂಕಣ. ಅದೇ ನಮೂನೆಯಲ್ಲಿ ಹಾಲೋವೀನಿಗೂ ಬರೆದೆ. ಎರಡು ಪುಟ ಎಂದು ಶುರುಮಾಡಿದ್ದು ಹನ್ನೊಂದಕ್ಕೆ ಬಂದು ನಿಂತಿತು.

ನನ್ನ ತರ್ಕದಲ್ಲಿ ಒಂದು ತಪ್ಪು ಹುಡುಕಿ ನೋಡೋಣ. ನೀರಿನ ಬಕೆಟಿನಲ್ಲಿ ತೇಲುವ ಸೇಬನ್ನು ಬಾಯಿಂದ ಕಚ್ಚಿ ತೆಗೆಯುವ ಆಟ: ಮುಳುಗುವ ಅಪಾಯ. ಆದ್ದರಿಂದ ನೀರು ಬೇಡ, ಸೇಬು ತಟ್ಟೆಯಲ್ಲಿರಲಿ. ಇಡೀ ಸೇಬು ಹಲ್ಲಿಗೆ ಕಷ್ಟ. ಆದ್ದರಿಂದ ಕತ್ತರಿಸಿರಲಿ. ಕತ್ತರಿಸಿದ ಸೇಬು ಗಟ್ಟಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಸೇಬೇ ಬೇಡ. ದ್ರಾಕ್ಷಿ, ಗಟ್ಟಿ ಮಿಠಾಯಿ, ಬಾದಾಮಿ ಎಲ್ಲ ಅದೇ ಕಾರಣಕ್ಕೆ ಹೊರಗೆ. ಮೃದುವಾದದ್ದು ಯಾವುದು? ಬಾಳೆಹಣ್ಣು. ಆದರೆ ಅದರ ಸಿಪ್ಪೆ ಜಾರುತ್ತದೆ. ಆದ್ದರಿಂದ ಸಿಪ್ಪೆ ಸುಲಿದು, ಬಿಲ್ಲೆಯಾಗಿ ಕತ್ತರಿಸಿ, ಕಾಗದದ ಕಪ್ಪಿನಲ್ಲಿ ಕೊಡುವುದು. ಮುಖವಾಡ ಹಾಕಿದರೆ ಕಣ್ಣು ಕಾಣುವುದಿಲ್ಲ, ಮುಖವಾಡ ನಿಷೇಧ. ದೆವ್ವಗಳು ಕಪ್ಪು ಬಟ್ಟೆ ಹಾಕುತ್ತವೆ, ಪಾರ್ಕಿಂಗಿನಲ್ಲಿ ಕಾರಿನವರಿಗೆ ಕಾಣುವುದಿಲ್ಲ. ಆದ್ದರಿಂದ ಪ್ರತಿ ದೆವ್ವವೂ ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೆಟ್ ತೊಡತಕ್ಕದ್ದು!

“ಮಕ್ಕಳ ಪಾರ್ಟಿಯಾ, ಫ್ಯಾಕ್ಟರಿಯ ಶಟ್‌ಡೌನಾ?” ಎಂದು ಶ್ಯಾಮಲಾ ಏಳನೆಯ ಪುಟದಲ್ಲಿ ನಿಂತು ಕೇಳಿದಳು. “ನಿಮ್ಮ ಅಮ್ಮ ಹೇಳ್ತಿದ್ರು, ನೀವು ಸಣ್ಣದಿರುವಾಗ ಗರ್ನಾಲು ಪಟಾಕಿ ಕೈಯಲ್ಲೇ ಹಿಡಿದು ಹೊಡೀತಿದ್ರಂತೆ.”

“ಅದಕ್ಕೇ ನನಗೆ ಅಪಾಯದ ಬೆಲೆ ಗೊತ್ತುಂಟು!”

“ಮೊನ್ನೆ ರಂಝಾನಲ್ಲಿ ಗರ್ಗಾವುನ್‌ಗೆ ಇದೇ ಮಕ್ಕಳು ಓನರ್ ಮನೆಯ ಮಕ್ಕಳೊಟ್ಟಿಗೆ ಬೀದಿಬೀದಿ ಪದ್ಯ ಹೇಳಿಕೊಂಡು, ಮನೆಮನೆಗೆ ಹೋಗಿ ಚೀಲ ತುಂಬ ಬಾದಾಮಿ ತಂದ್ರು. ಯಾರಿಗೆ ಎಂತ ಆಯ್ತು?”

“ಆಗಲಿಲ್ಲ ಅಂದ ಮಾತ್ರಕ್ಕೆ ಆಗುವುದಿಲ್ಲ ಅಂತ ಅಲ್ಲ” ಎಂದೆ. ಇದು ನಾನು ಸೈಟಿನಲ್ಲಿ ದಿನವೂ ಹೇಳುವ ಮಾತು. ಅಲ್ಲಿ ಇದನ್ನು ಕೇಳಿ ಎಲ್ಲರೂ ತಲೆಯಾಡಿಸುತ್ತಾರೆ. ಶ್ಯಾಮಲಾ ಎದ್ದು ಅನ್ನಕ್ಕೆ ಇಡಲು ಹೋದಳು.

ಮರುದಿನ ಹನ್ನೊಂದು ಪುಟಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಕೊಂಡು ಲವೀನಾ ಅವರ ಮನೆಗೆ ಹೋದೆ. ಅವರು ಸೋಫಾದಲ್ಲಿ ಕುಳಿತು ಕಾಗದದ ಬಾವಲಿಗಳನ್ನು ಕತ್ತರಿಸುತ್ತಿದ್ದರು. ವಿಲ್ಸನ್ ನನ್ನನ್ನು ಕಂಡು ಅಡುಗೆಮನೆಗೆ ಸರಿದರು. ನಾನು ಪಟ್ಟಿಯನ್ನು ಒಂದೊಂದಾಗಿ ಓದಿದೆ. ಲವೀನಾ ಐದನೆಯ ಪುಟದ ತನಕ ತಾಳ್ಮೆಯಿಂದ ಕೇಳಿದರು.

“ಸುಧಾಕರಣ್ಣ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ” ಎಂದರು. “ನಾವು ಸಣ್ಣದಿರುವಾಗ ನವರಾತ್ರಿಗೆ ಹುಲಿವೇಷ ಬಂದ್ರೆ ಎಂತ ಮಾಡ್ತಿದ್ದದ್ದು? ತಾಸೆ-ಡೋಲಿನ ಸದ್ದು ಕೇಳಿದ ಕೂಡ್ಲೆ ಮಂಚದಡಿಗೆ. ಹುಲಿ ಗೇಟು ದಾಟಿದ ಕೂಡ್ಲೆ ಅದರ ಹಿಂದೆಯೇ ಓಟ. ಸ್ವಲ್ಪ ಹೆದರಿಕೆ ಇದ್ರೇನೇ ಅಲ್ವಾ ಗಮ್ಮತ್ತು?”

“ಹುಲಿವೇಷದವರಿಗೂ ಒಂದು ಅಪಾಯ ಪಟ್ಟಿ ಇರಬೇಕಿತ್ತು” ಎಂದು ನಾನು ಗಂಭೀರವಾಗಿ ಹೇಳಿದೆ. “ಮೈಗೆಲ್ಲ ಪೈಂಟು! ಬಾಯಲ್ಲಿ ಕಚ್ಚಿ ಕುರಿ ಬಿಸಾಡ್ತಿದ್ರು! ಸೊಂಟದ ಗತಿ ಏನು?”

ಲವೀನಾ ಕತ್ತರಿ ಕೆಳಗಿಟ್ಟರು. ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಕೈ ಮುಗಿದು, “ಆಯ್ತು ಮಾರಾಯ್ರೆ. ಈ ಸಲ ನೀವೇ ಮಾಡಿ. ನಾನೂ ಒಂದು ಪಾರ್ಟಿ ಕೈಕಟ್ಟಿ ಕೂತು ನೋಡ್ತೇನೆ” ಎಂದರು. ಅದನ್ನು ನಾನು ಗೌರವವೆಂದು ತಿಳಿದು, ಧನ್ಯವಾದ ಹೇಳಿ ಬಂದೆ!

ಪಾರ್ಟಿಯ ದಿನ ಶುಕ್ರವಾರ, ನನಗೆ ರಜೆ. ಆದರೆ ಬೆಳಗ್ಗೆಯೇ ಸೈಟಿನಿಂದ ಕರೆ ಬಂತು, ಒಂದು ಕ್ರೇನಿನ ಪರಿಶೀಲನೆ. ಅಲ್ಲಿಂದ ನೇರವಾಗಿ ಬಂದವನಿಗೆ ಬಟ್ಟೆ ಬದಲಾಯಿಸಲು ಸಮಯ ಸಿಗಲಿಲ್ಲ. ಎಣ್ಣೆಯ ಕಲೆಗಳಿರುವ ಕಿತ್ತಳೆ ಮೇಲುಡುಗೆ, ಕಬ್ಬಿಣದ ಮೂತಿಯ ಬೂಟು, ತಲೆಗೆ ಬಿಳಿ ಹೆಲ್ಮೆಟ್, ಕುತ್ತಿಗೆಗೆ ಸೀಟಿ. ಇರಲಿ, ಮಕ್ಕಳಿಗೆ ಇದೊಂದು ಮಾದರಿಯಾಗುತ್ತದೆ ಎಂದುಕೊಂಡೆ.

ಅಕ್ಟೋಬರ್ ಕೊನೆಗೆ ಇಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಪಾರ್ಟಿಯನ್ನು ಮೂರೂವರೆಗೇ ಇಟ್ಟಿದ್ದೆ. ಟೆರೇಸು ಎತ್ತರ, ಆದ್ದರಿಂದ ಬಿಲ್ಡಿಂಗಿನ ಅಡಿಯ ಪಾರ್ಕಿಂಗಿನಲ್ಲಿ. ಕಾರುಗಳನ್ನೆಲ್ಲ ಹೊರಗೆ ಕಳಿಸಿ, ಕಂಬಗಳ ಸುತ್ತ ಹಳದಿ ಪಟ್ಟಿ ಕಟ್ಟಿ, ಲೈಟುಗಳನ್ನೆಲ್ಲ ಹಾಕಿಸಿದೆ. ಹಗಲು ಬೆಳಕಿಗೆ ಲೈಟೂ ಸೇರಿ ಆ ಜಾಗದಲ್ಲಿ ಒಂದು ನೆರಳು ಸಹ ಉಳಿಯಲಿಲ್ಲ. ಯಾವ ದೆವ್ವಕ್ಕೂ ಅಡಗಲು ಜಾಗವಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಹನ್ನೆರಡು ಮಕ್ಕಳು ಬಂದರು. ಗೇಟಿನಲ್ಲೇ ತಪಾಸಣೆ ಮಾಡಿದೆ. ಮಾಟಗಾತಿಯ ಪೊರಕೆ, ಕಣ್ಣಿಗೆ ಅಪಾಯ, ಒಳಗಿಲ್ಲ. ಕಡಲ್ಗಳ್ಳನ ಕತ್ತಿ, ಒಳಗಿಲ್ಲ. ಲವೀನಾ ಅವರ ಮಗ ರಯಾನ್ ರಕ್ತ ಹೀರುವ ಪಿಶಾಚಿಯಾಗಿ ಬಂದಿದ್ದ. ಅವನ ಪ್ಲಾಸ್ಟಿಕ್ ಕೋರೆಹಲ್ಲು ನುಂಗುವ ಅಪಾಯವಿತ್ತು, ಬಿಚ್ಚಿಸಿ ಪೆಟ್ಟಿಗೆಗೆ ಹಾಕಿ ರಶೀದಿ ಕೊಟ್ಟೆ. “ಅಂಕಲ್, ವಿಥೌಟ್ ಟೀತ್ ಹೌ ವಿಲ್ ಐ ಡ್ರಿಂಕ್ ಬ್ಲಡ್?” ಎಂದು ಅವನು ಕೇಳಿದ. “ಬನಾನಾ ಇದೆ” ಎಂದೆ.

ಸೈಟಿನ ಸ್ಟೋರಿನವನನ್ನು ಕೇಳಿ ತಂದಿದ್ದ ಹಳೆಯ ಜಾಕೆಟ್‌ಗಳು ದೊಡ್ಡವರ ಅಳತೆಯವು. ಮಕ್ಕಳಿಗೆ ತೊಡಿಸಿದರೆ ಪಾದದವರೆಗೆ ಬಂದವು. ಎಡವುವ ಅಪಾಯ! ಪಿನ್ನು ಚುಚ್ಚುತ್ತದೆ, ಆದ್ದರಿಂದ ಅಂಟುಪಟ್ಟಿಯಿಂದ ಮಡಚಿ ಕಟ್ಟಿದೆ. ಕೊನೆಗೆ ದೆವ್ವ, ಮಾಟಗಾತಿ, ಪಿಶಾಚಿ, ಕಡಲ್ಗಳ್ಳ ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಇಶಾಳ ಕೆಂಪು ರೆಕ್ಕೆಗಳೂ ಜಾಕೆಟ್ಟಿನ ಒಳಗೆ ಹೋಗಿ ಬೆನ್ನಿನ ಮೇಲೆ ಒಂದು ಗಂಟಿನಂತೆ ಉಬ್ಬಿಕೊಂಡಿದ್ದವು. ಅವಳು ಹಿಂದಿನಿಂದ ಕೈ ಹಾಕಿ ಒಂದು ರೆಕ್ಕೆಯನ್ನು ಮುಟ್ಟಿ ನೋಡಿಕೊಂಡಳು.

ಬಿಲ್ಡಿಂಗಿನ ಕಾವಲುಗಾರ ಕರೀಂ ಭಾಯ್ ಗೇಟಿನಿಂದ ಇಣುಕಿ, “ಸಾಬ್, ಇತ್ನೇ ಛೋಟೇ ಲೇಬರ್ ಕಹಾಂ ಸೇ ಲಾಯೇ?” ಎಂದ, ಇಷ್ಟು ಪುಟ್ಟ ಕೂಲಿಗಳನ್ನು ಎಲ್ಲಿಂದ ತಂದಿರಿ ಎಂದು. ಲವೀನಾ ಕುರ್ಚಿಯಲ್ಲಿ ಕೈಕಟ್ಟಿ ಕುಳಿತು ನೋಡುತ್ತಿದ್ದರು.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ನಮ್ಮ ಸೈಟಿನಲ್ಲಿ ಬೆಳಗ್ಗೆ ಕೆಲಸಕ್ಕೆ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಮಾತಾಡುವ ಪದ್ಧತಿಯಿದೆ. ಇಂದು ಏನೇನು ಅಪಾಯ ಆಗಬಹುದು ಎಂದು ಮನಮುಟ್ಟುವಂತೆ ವಿವರಿಸಬೇಕು. ನನ್ನ ಆ ಭಾಷಣಕ್ಕೆ ಹೆಸರಿದೆ. ಒಮ್ಮೆ ನಾನು ಗ್ರೈಂಡರಿನ ಬಗ್ಗೆ ಮಾತಾಡಿದ ಮೇಲೆ ಇಬ್ಬರು ವೆಲ್ಡರ್‌ಗಳು ಆ ದಿನ ರಜೆ ಕೇಳಿದ್ದರು. ಹನ್ನೊಂದು ಪುಟ ಬರೆದು, ಮಕ್ಕಳಿಗೆ ಅದನ್ನು ತಿಳಿಸಿ ಹೇಳದೆ ಇರಲು ಸಾಧ್ಯವೇ?

ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಮುಂದೆ ನಿಂತು ದ್ರಾಕ್ಷಿಯಿಂದ ಶುರು ಮಾಡಿದೆ. “ಚಿಲ್ಡ್ರನ್! ವಾಟ್ ಹ್ಯಾಪನ್ಸ್ ವೆನ್ ಗ್ರೇಪ್ ಗೋಸ್ ಇನ್ ದ ರಾಂಗ್ ಪೈಪ್?” ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ತೋರಿಸಬೇಕು. ನಾನು ಎರಡೂ ಕೈಗಳಿಂದ ಗಂಟಲು ಹಿಡಿದುಕೊಂಡೆ. ಕಣ್ಣು ಮೇಲಕ್ಕೆ ಹೊರಳಿಸಿದೆ. ನಾಲಿಗೆ ಹೊರಗೆ ಚಾಚಿ, ಗೊರ್ ಗೊರ್ ಎಂದು ಸದ್ದು ಮಾಡುತ್ತಾ ಮೊಣಕಾಲಿನ ಮೇಲೆ ಕುಸಿದೆ. ಸೈಟಿನಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ.

ಇಲ್ಲಿ ಎಲ್ಲರೂ ಕಲ್ಲಾಗಿ ಕುಳಿತರು. ಎಷ್ಟು ಚೆನ್ನಾಗಿ ಗಮನ ಕೊಡುತ್ತಿದ್ದಾರೆ ಎಂದು ನನಗೆ ಸಂತೋಷವಾಯಿತು. ಉತ್ಸಾಹ ಬಂದು ಮೇಣದ ಬತ್ತಿಗೆ ಹೋದೆ. ಕೂದಲಿಗೆ ಬೆಂಕಿ ಹತ್ತಿದವನು ಹೇಗೆ ಓಡುತ್ತಾನೆ ಎಂದು ಓಡಿ ತೋರಿಸಿದೆ. ಲಿಫ್ಟಿನ ಬಾಗಿಲಿಗೆ ಬೆರಳು ಸಿಕ್ಕಿದರೆ ಹೇಗೆ ಕೂಗುತ್ತಾರೆ ಎಂದು ಕೂಗಿ ತೋರಿಸಿದೆ. ಮೆಟ್ಟಿಲಿನಿಂದ ಉರುಳಿದವನ ಕುತ್ತಿಗೆ ಯಾವ ಕಡೆ ತಿರುಗಿರುತ್ತದೆ ಎಂದು ತಿರುಗಿಸಿ ತೋರಿಸಿದೆ. ಎರಡನೆಯ ಮಹಡಿಯ ಪುಟ್ಟ ದೆವ್ವವೊಂದು ತುಟಿ ನಡುಗಿಸಿ, “ಐ ವಾಂಟ್ ಮಮ್ಮಾ” ಎಂದಿತು. ಅದರ ಪಕ್ಕದ ಮಾಟಗಾತಿ ಬಿಕ್ಕಿದಳು. ಅಳು ಒಬ್ಬರಿಂದ ಒಬ್ಬರಿಗೆ ಹರಡಿತು.

“ರೀ, ಸಾಕು!” ಎಂದು ಹಿಂದಿನಿಂದ ಶ್ಯಾಮಲಾ ಕೂಗಿದಳು.

“ಒಂದೇ ಒಂದು ಪಾಯಿಂಟ್!” ಎಂದೆ. ಆ ಒಂದು ಪಾಯಿಂಟೇ ಮುಖ್ಯವಾದದ್ದು. ಮೂರು ಸಲ ಸೀಟಿ ಊದಿದರೆ ಎಲ್ಲರೂ ಶಾಂತವಾಗಿ, ಸಾಲಾಗಿ ಗೇಟಿನ ಬಳಿ ಸೇರಬೇಕು. ಗದ್ದಲದಲ್ಲಿ ಮಾತು ಕೇಳಿಸಲಿಲ್ಲವೇನೋ ಎಂದು, ನಾನು ನೇರವಾಗಿ ಊದಿಯೇಬಿಟ್ಟೆ.

ನನ್ನ ಸೀಟಿ ಬಯಲು ಸೈಟಿನಲ್ಲಿ, ಕಂಪ್ರೆಸರ್ ಸದ್ದಿನ ನಡುವೆ ಕೇಳಬೇಕಾದದ್ದು. ಮುಚ್ಚಿದ ಪಾರ್ಕಿಂಗಿನಲ್ಲಿ ಅದು ಕಂಬಕಂಬಕ್ಕೂ ಬಡಿದು ವಾಪಸು ಬಂತು. ಮಕ್ಕಳು ಕಿರುಚಿಕೊಂಡು ಹನ್ನೆರಡು ದಿಕ್ಕಿಗೆ ಓಡಿದರು. ಗೇಟಿನ ಬಳಿ ಒಬ್ಬನೇ ಒಬ್ಬ ಬರಲಿಲ್ಲ! ಪಾಪ, ಕರೀಂ ಭಾಯ್‌ಗೆ ಸೀಟಿ ಎಂದರೆ ಬೆಂಕಿ ಎಂದು ಹೋದ ತಿಂಗಳು ನಾನೇ ಕಲಿಸಿದ್ದೆ. ಅವನು “ಆಗ್! ಆಗ್ ಲಗ್ ಗಯೀ!” ಎಂದು ಕೂಗುತ್ತಾ ಮೆಟ್ಟಿಲು ಹತ್ತಿ ಎಲ್ಲ ಬಾಗಿಲುಗಳನ್ನೂ ಬಡಿದ. ಎರಡು ನಿಮಿಷದಲ್ಲಿ ಇಡೀ ಬಿಲ್ಡಿಂಗು ಕೆಳಗಿಳಿಯಿತು. ಒಬ್ಬರು ಟವೆಲಿನಲ್ಲಿ, ಒಬ್ಬರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು, ಒಬ್ಬ ಅಜ್ಜಿ ಪ್ರೆಷರ್ ಕುಕ್ಕರನ್ನೇ ಎತ್ತಿಕೊಂಡು ಬಂದಿದ್ದರು. ಬಿಲ್ಡಿಂಗ್ ಖಾಲಿಯಾದ ವೇಗ ಮಾತ್ರ ಅತ್ಯುತ್ತಮವಾಗಿತ್ತು, ಅದನ್ನು ಯಾರೂ ಹೊಗಳಲಿಲ್ಲ.

ಈ ಓಟದಲ್ಲಿ ಯಾರೋ ಮೇಜಿಗೆ ಡಿಕ್ಕಿ ಹೊಡೆದು ಬಾಳೆಹಣ್ಣಿನ ಕಪ್ಪುಗಳೆಲ್ಲ ನೆಲಕ್ಕುರುಳಿದವು. ನಾನು “ಸ್ಟಾಪ್! ಡೋಂಟ್ ರನ್!” ಎಂದು ಕೂಗುತ್ತಾ ಅತ್ತ ಓಡಿದೆ. ಸುಲಿದ ಬಾಳೆಹಣ್ಣು ಅದರ ಸಿಪ್ಪೆಗಿಂತಲೂ ಹೆಚ್ಚು ಜಾರುತ್ತದೆ ಎಂಬ ಅಂಶ ನನ್ನ ಹನ್ನೊಂದು ಪುಟಗಳಲ್ಲಿ ಇರಲಿಲ್ಲ. ಜಾರದಂತೆ ಖಾತರಿ ಕೊಟ್ಟ ಬೂಟು ಹಾಕಿದ್ದ ನಾನು ಎರಡೂ ಕಾಲು ಮೇಲೆ ಮಾಡಿ, ಹೆಲ್ಮೆಟ್ ಟಣ್ಣೆಂದು ನೆಲಕ್ಕೆ ಬಡಿದು ಬಿದ್ದೆ. ಕಣಕಾಲಿನಲ್ಲಿ ಏನೋ ಕಟಕ್ಕೆಂದಿತು. ಆ ದಿನದ ಒಟ್ಟು ಗಾಯಾಳುಗಳ ಸಂಖ್ಯೆ ಒಂದು.

ಮಲಗಿದ್ದಲ್ಲಿಂದಲೇ ನನಗೆ ಇಶಾಳ ನೆನಪಾಯಿತು. ಎಲ್ಲಿ ಹೋದಳು? ತಲೆಯೆತ್ತಿ ನೋಡಿದರೆ ದೂರದ ಕಂಬದ ಬಳಿ ವಿಲ್ಸನ್ ನಿಂತಿದ್ದರು. ಮಕ್ಕಳಿಗೆ ಸಂಜೆ ಚಾಕಲೇಟು ಹಂಚೋಣವೆಂದು ಹೆಂಡತಿಗೂ ಹೇಳದೆ ಮೇಲೆ ಅದೇ ಎಲುಬಿನ ಅಂಗಿ ತೊಟ್ಟು ಕುಳಿತಿದ್ದವರು, ಬೆಂಕಿ ಎಂದು ಕೇಳಿ ಮುಖವಾಡ ಸಮೇತ ಓಡಿ ಬಂದಿದ್ದರು. ಅವರ ಕುತ್ತಿಗೆಗೆ ಇಶಾ ಜೋತುಬಿದ್ದಿದ್ದಳು. ಆ ತಲೆಬುರುಡೆಗೆ ಕೆನ್ನೆ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ನಾನು ಕುಂಟುತ್ತಾ ಎದ್ದು ಹೋಗಿ ಕೈ ಚಾಚಿದೆ. “ಇಶಾ, ಬಾ ಪುಟ್ಟಾ.”

ಅವಳು ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. ಮತ್ತೆ ಮುಚ್ಚಿಕೊಂಡು ವಿಲ್ಸನ್ ಕಿವಿಯಲ್ಲಿ ಹೇಳಿದಳು, “ಅಂಕಲ್, ಪ್ಲೀಸ್ ಡೋಂಟ್ ಗಿವ್ ಮೀ ಟು ಹಿಮ್.”

ಕಾಲಿನ ನೋವು ನನಗೆ ಆಗ ಗೊತ್ತೇ ಆಗಲಿಲ್ಲ. ಇಡೀ ಪಾರ್ಕಿಂಗಿನಲ್ಲಿ ಅವಳಿಗೆ ಹೆದರಿಕೆಯಾದದ್ದು ನನ್ನೊಬ್ಬನನ್ನು ಕಂಡು. ಯಾರೂ ಹೆದರಿಸುವುದಿಲ್ಲ ಎಂದು ಅವಳ ಕೈ ಹಿಡಿದು ಮಾತು ಕೊಟ್ಟವನು ನಾನೇ. ಅಳು ಬಂದಂತಾಯಿತು, ನಿಜವಾಗಿಯೂ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

“ಹೋಗಲಿ ಸುಧಾಕರಣ್ಣ, ಮಕ್ಕಳಲ್ವಾ. ಎರಡು ದಿನದಲ್ಲಿ ಮರೀತದೆ” ಎಂದು ತಲೆಬುರುಡೆಯ ಒಳಗಿನಿಂದ ವಿಲ್ಸನ್ ನನಗೆ ಸಮಾಧಾನ ಹೇಳಿದರು. ಕಳೆದ ವರ್ಷ ಆ ಮನುಷ್ಯನ ಮೇಲೆ ಎಷ್ಟೆಲ್ಲ ಕೂಗಾಡಿದ್ದೆ. ಆ ಸೌಜನ್ಯ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಲವೀನಾ ಕುರ್ಚಿಯಿಂದ ಎದ್ದಾಗಿತ್ತು. “ಯಲ್ಲಾ, ನಡೀರಿ, ಎಲ್ಲ ದೆವ್ವಗಳೂ ನಮ್ಮ ಮನೆಗೆ!” ಎಂದು ಚಪ್ಪಾಳೆ ತಟ್ಟಿದರು. ನನ್ನ ಜಾಕೆಟ್‌ಗಳನ್ನು ಕಳಚಿ ರಾಶಿ ಹಾಕಿ, ಪೆಟ್ಟಿಗೆ ಒಡೆದು ಪೊರಕೆ, ಕತ್ತಿ, ಕೋರೆಹಲ್ಲು ಎಲ್ಲವನ್ನೂ ರಶೀದಿ ಕೂಡ ಕೇಳದೆ ಹಂಚಿದರು! ಶ್ಯಾಮಲಾ ನನ್ನ ಕಾಲನ್ನು ತಿರುಗಿಸಿ ನೋಡಿ, ಮುರಿದಿಲ್ಲ ಎಂದು ಹೇಳಿ, ಕಟ್ಟಲು ಬ್ಯಾಂಡೇಜ್ ಪಟ್ಟಿ ಕೇಳಿದಳು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಕತ್ತರಿ ಇದ್ದದ್ದರಿಂದ, ಮಕ್ಕಳ ಕೈಗೆ ಸಿಗಬಾರದೆಂದು ನಾನು ಅದಕ್ಕೆ ಬೀಗ ಹಾಕಿ ಕೀಲಿಯನ್ನು ಕಾರಿನಲ್ಲಿ ಇಟ್ಟಿದ್ದೆ. ಕಾರನ್ನು ಹೊರಗೆ ಎರಡು ಬೀದಿ ಆಚೆ ನಿಲ್ಲಿಸಿದ್ದೆ. ಕೊನೆಗೆ ನನ್ನ ಕಾಲಿಗೆ ಕಟ್ಟಿದ್ದು ಕಂಬಕ್ಕೆ ಸುತ್ತಿದ್ದ ಹಳದಿ ಪಟ್ಟಿ.

ಲವೀನಾ ಮನೆಯಲ್ಲಿ ಲೈಟು ಆರಿಸಿ, ಮಕ್ಕಳನ್ನು ಕತ್ತಲೆಯಲ್ಲಿ ಕೂರಿಸಿ ಏನೋ ಆಡಿಸಿದರಂತೆ. ನನಗೆ ಕೇಳಿಸಿದ್ದು ಮೇಲಿನ ಮಹಡಿಯಿಂದ ಬರುತ್ತಿದ್ದ ಕಿರುಚಾಟ, ಅದರ ಹಿಂದೆಯೇ ಹೋ ಎಂಬ ನಗು. ಇಶಾ ಕೆಂಪು ರೆಕ್ಕೆ ಅರಳಿಸಿಕೊಂಡು ಕೆಳಗೆ ಬಂದಾಗ ಅವಳ ತಲೆಯ ಮೇಲೆ ವಿಲ್ಸನ್‌ರ ಮುಖವಾಡ ಇತ್ತು. ಅಂದಿನಿಂದ ಅವಳು ಬಾತ್‌ರೂಮಿಗೆ ಒಬ್ಬಳೇ ಹೋಗುತ್ತಿದ್ದಾಳೆ. ಅಸ್ಥಿಪಂಜರದ ಹೆದರಿಕೆ ಪೂರ್ತಿ ಹೋಯಿತು. ಅಂದರೆ ನನ್ನ ಯೋಜನೆಯ ಗುರಿ ಈಡೇರಿದಂತೆಯೇ! ಇದನ್ನು ನಾನು ಶ್ಯಾಮಲಾಳಿಗೆ ಮೂರು ಸಲ ವಿವರಿಸಿದೆ. ಅವಳು ಮೂರು ಸಲವೂ ಟಿವಿಯ ಸದ್ದು ಜೋರು ಮಾಡಿದಳು.

ಅಪ್ಪನ ಜೊತೆಗಿನ ಮುನಿಸೂ ಎರಡು ದಿನಕ್ಕೆ ಕರಗಿತು. ಈಗ ಮೊದಲಿನ ಹಾಗೆಯೇ ಮಡಿಲಿಗೆ ಬರುತ್ತಾಳೆ. ಒಂದೇ ಷರತ್ತು, ನಾನು ಗಂಟಲು ಮುಟ್ಟಿಕೊಳ್ಳಬಾರದು. ಒಮ್ಮೆ ಕೆಮ್ಮು ಬಂದು ಕೈ ಅಲ್ಲಿಗೆ ಹೋಯಿತು, ಅವಳು ಅಡುಗೆಮನೆಗೆ ಓಡಿದಳು.

ನನ್ನ ಆಕ್ಷೇಪ ಇರುವುದು ಬಿಲ್ಡಿಂಗಿನ ತಾಯಂದಿರ ಬಗ್ಗೆ. ಮೊನ್ನೆ ಎರಡನೆಯ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದಾಗ ಅಲ್ಲಿನ ಮನೆಯೊಂದರಿಂದ ಮಾತು ಕೇಳಿಸಿತು. ಊರಿನಲ್ಲಿ ನಮ್ಮ ಅಮ್ಮಂದಿರು ತುತ್ತು ನುಂಗದ ಮಕ್ಕಳಿಗೆ ಗುಮ್ಮ ಬರುತ್ತಾನೆ ಎಂದು ಹೇಳುತ್ತಿದ್ದರಲ್ಲ, ಅದೇ ಧಾಟಿ. “ಫಿನಿಶ್ ಯುವರ್ ರೈಸ್, ಆರ್ ಐ ವಿಲ್ ಕಾಲ್ ಸೇಫ್ಟಿ ಅಂಕಲ್!” ಒಳಗಿನಿಂದ ಗಬಗಬ ನುಂಗುವ ಸದ್ದು ಬಂತು. ಎಷ್ಟು ಅನ್ಯಾಯ! ಬೇಗ ನುಂಗುವುದರಿಂದ ಏನಾಗುತ್ತದೆ ಎಂದು ಅಷ್ಟು ಕಷ್ಟಪಟ್ಟು ತೋರಿಸಿದವನ ಹೆಸರನ್ನು ಬೇಗ ನುಂಗಿಸಲಿಕ್ಕೆ ಬಳಸುವುದೇ? ನಾನು ಕೆಂಡವಾಗಿ, ಕುಂಟುತ್ತಾ ಮನೆಗೆ ಬಂದು, ಈ 'ಸೇಫ್ಟಿ ಅಂಕಲ್' ವ್ಯವಹಾರದ ವಿರುದ್ಧ ಗುಂಪಿನಲ್ಲಿ ಒಂದು ಕಟುವಾದ ಸಂದೇಶ ಬರೆಯಲು ಕೋಣೆಯಲ್ಲಿ ಕುಳಿತೆ.

ಎರಡು ಸಾಲು ಬರೆದಿದ್ದೆ. ಊಟದ ಮೇಜಿನಿಂದ ಶ್ಯಾಮಲಾಳ ಸ್ವರ ಕೇಳಿಸಿತು. “ಇಶಾ, ಇಡ್ಲಿ ಬೇಗ ತಿನ್ನು. ಇಲ್ಲದಿದ್ರೆ ಪಪ್ಪನನ್ನು ಕರೀತೇನೆ.” ಇಡ್ಲಿ ತಟ್ಟೆಯಲ್ಲೇ ಉಳಿಯಿತೆಂದು ತೋರುತ್ತದೆ. ಆಮೇಲೆ, “ರೀ, ಒಂದು ನಿಮಿಷ ಬಂದು ಸುಮ್ಮನೆ ನಿಲ್ಲಿ ಮಾರಾಯ್ರೆ, ಹೆಲ್ಮೆಟ್ ಹಾಕಿಕೊಂಡು.”

ಹೋಗಿ ನಿಂತೆ. ಇಡ್ಲಿ ಖಾಲಿಯಾಯಿತು.